ಹಳೆಯ ಇಟಲಿ ಬೇಸ್ ಮಾದರಿಯಲ್ಲಿ ಹೊಸದು ಮಾಡಿಸುತ್ತಿದ್ದೇನೆ: ಗಾಸ್ಪಾರೋನಾ, ಟೆಸ್ಟೋರೆನಾ?

ಮಂದ್ರ_ಸ್ಥಾಯಿ:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತು ಮಾಡಿಕೊಂಡು ಓದಿ.

ನಾನು ಇಂಗ್ಲೆಂಡಿನ ಲೀಡ್ಸ್ ಹತ್ತಿರ ಇರುವವಳು, ಊರು ತೀರ್ಥಹಳ್ಳಿ ಕಡೆ. ಇಲ್ಲಿನ ಹವ್ಯಾಸಿ ಆರ್ಕೆಸ್ಟ್ರಾ ಒಂದರಲ್ಲಿ 11 ವರ್ಷದಿಂದ ಡಬಲ್ ಬೇಸ್ (ಪಿಟೀಲಿನ ಆಕಾರದ, ಆಳೆತ್ತರದ ಮಂದ್ರ ವಾದ್ಯ) ನುಡಿಸುತ್ತಿದ್ದೇನೆ. ಇಷ್ಟು ದಿನ ಇದ್ದದ್ದು ಪ್ಲೈವುಡ್ ಬೇಸ್. ಗಟ್ಟಿಮುಟ್ಟಾಗಿದೆ, ಮಳೆ ಚಳಿಗೆ ಜಗ್ಗುವುದಿಲ್ಲ. ಆದರೆ ಒಂದು ಹಂತ ದಾಟಿದ ಮೇಲೆ ಎಷ್ಟೇ ಕಮಾನು ಒತ್ತಿದರೂ ಅದು ಮಾತಾಡುವುದಿಲ್ಲ, ಬರೀ ಗೊರ ಗೊರ ಅನ್ನುತ್ತದೆ.

ಈಗ ದುಡ್ಡು ಕೂಡಿಸಿದ್ದೇನೆ. ಒಂದು ಸಣ್ಣ ಕಾರಿನ ದುಡ್ಡು, ಹಾಗಾಗಿ ತಪ್ಪು ಮಾಡಲು ಇಷ್ಟವಿಲ್ಲ. ಪೂರ್ತಿ ಕೈಯಲ್ಲೇ ಕೆತ್ತಿ ಮಾಡುವ ಒಬ್ಬರು ಸಿಕ್ಕಿದ್ದಾರೆ. ಹಳೆಯ ಇಟಲಿ ಬೇಸ್‌ಗಳ ಅಳತೆ ತೆಗೆದು, ಅದರ ಮೇಲೆ ಹೊಸದನ್ನು ಕಟ್ಟುವವರು. ಎರಡು ನಕ್ಷೆ ಮುಂದಿಟ್ಟಿದ್ದಾರೆ. ಒಂದು ಬ್ರೆಶಾದ ಹಳೆಯ ವಾದ್ಯ ತಯಾರಕ ಗಾಸ್ಪಾರೋ ದಾ ಸಾಲೋನ ಮಾದರಿ. ಅಗಲ ಭುಜ, ದೊಡ್ಡ ಹೊಟ್ಟೆ, ಚಪ್ಪಟೆ ಬೆನ್ನು. ಇನ್ನೊಂದು ಮಿಲಾನಿನ ವಾದ್ಯ ತಯಾರಕರ ಮನೆತನ ಟೆಸ್ಟೋರೆಯವರ ಮಾದರಿ. ಅವರ ನಕ್ಷೆಯಲ್ಲಿ ಅದು ಸ್ವಲ್ಪ ಚಿಕ್ಕದು, ಭುಜ ಇಳಿಜಾರು, ಬೆನ್ನು ಉಬ್ಬು.

ನನ್ನ ಮನಸ್ಸೆಲ್ಲ ಗಾಸ್ಪಾರೋ ಕಡೆ. ಹಳೆಯ ಕಾಲದ ಹೆಸರಾಂತ ಬೇಸ್ ವಾದಕ ಡ್ರಾಗೊನೆಟ್ಟಿ ನುಡಿಸಿದ ಬೇಸ್ ಅದೇ ಅಲ್ವಾ. 1799ರಲ್ಲಿ ವಿಯೆನ್ನಾದಲ್ಲಿ ಬೀಥೋವನ್ ಎದುರು ಕೂತು, ಚೆಲ್ಲೋಗೆ ಬರೆದ ಸೊನಾಟಾವನ್ನು ಬೇಸ್‌ನಲ್ಲೇ ನುಡಿಸಿದ ಮನುಷ್ಯ. ಅದನ್ನು ಮೊದಲು ಓದಿದಾಗ ನನಗೆ ನಿದ್ದೆ ಬಂದಿರಲಿಲ್ಲ.

ಆದರೆ ನನ್ನ ಎತ್ತರ ಐದಡಿ ಎರಡಿಂಚು. ಕೈಯೂ ಚಿಕ್ಕದು. ಏನು ಮಾಡಲಿ? ಚಪ್ಪಟೆ ಬೆನ್ನಿನ ಬಗ್ಗೆಯೂ ಹೇಳಿ. ತಿಳಿದವರು ಬಿಡಿಸಿ ಹೇಳಿದರೆ ಉಪಕಾರ.

ನಾಲ್ಕನೇ_ತಂತಿ:

ಅಕ್ಕಾ, ಮೊದಲು ಅಭಿನಂದನೆ. ಕೆತ್ತಿದ ಬೇಸ್ ಮನೆಗೆ ಬರುವುದು ಸಣ್ಣ ವಿಷಯ ಅಲ್ಲ.

ನಾನು ಬೆಂಗಳೂರಿನಲ್ಲಿ ಜಾಸ್ತಿ ಜ್ಯಾಝ್ ನುಡಿಸುವವನು, ಹಾಗಾಗಿ ಗಾಸ್ಪಾರೋ ಟೆಸ್ಟೋರೆ ಬಗ್ಗೆ ತೀರ್ಪು ಕೊಡುವಷ್ಟು ನನಗೆ ಗೊತ್ತಿಲ್ಲ. ಬೆನ್ನಿನ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದು ನನ್ನ ಮನೆಯಲ್ಲೇ ಆದದ್ದು.

ನನ್ನ ಹತ್ತಿರ ಒಂದು ಚಪ್ಪಟೆ ಬೆನ್ನಿನ ಜರ್ಮನ್ ಬೇಸ್ ಇತ್ತು. ಮಳೆಗಾಲದಲ್ಲಿ ತಂದದ್ದು. ಆಗ ಬೆನ್ನು ಹೊರಕ್ಕೆ ಸ್ವಲ್ಪ ಊದಿಕೊಂಡಂತೆ ಇತ್ತು, ನಾನು ಗಮನ ಕೊಡಲಿಲ್ಲ. ಮಾರ್ಚ್ ತಿಂಗಳು ಬಂತು. ಗಾಳಿ ಪೂರ್ತಿ ಒಣ. ಒಂದು ರಾತ್ರಿ ಎರಡು ಗಂಟೆ ಹೊತ್ತಿಗೆ ಹಾಲ್‌ನಿಂದ ಟಪ್ ಅಂತ ಒಂದೇ ಸದ್ದು. ತೆಂಗಿನಕಾಯಿ ಒಡೆದ ಹಾಗೆ. ಅಮ್ಮ ಎದ್ದು ಬಂದು ಕಿಟಕಿ ಗಾಜು ನೋಡಿದರು. ನಾನು ಬೇಸ್ ತಿರುಗಿಸಿ ನೋಡಿದರೆ ಬೆನ್ನಿನ ಕೆಳಭಾಗದಲ್ಲಿ ಒಂದು ಗೇಣು ಉದ್ದ ಸೀಳು. ಒಳಗಿನ ಅಡ್ಡಪಟ್ಟಿ ಒಂದು ಕಡೆ ಬಿಟ್ಟುಕೊಂಡಿತ್ತು. ಮುಟ್ಟಿದರೆ ಗಡಗಡ ಅನ್ನುತ್ತಿತ್ತು.

ರಿಪೇರಿ ಮಾಡಿಸಿದೆ. ಎರಡು ವರ್ಷದಲ್ಲಿ ಮತ್ತೆ ಅದೇ ಜಾಗ. ಕೊನೆಗೆ ಮಾರಿಬಿಟ್ಟೆ.

ನಿಮ್ಮ ಕಡೆ ಚಳಿಗಾಲದಲ್ಲಿ ಮನೆಯೊಳಗೆ ಹೀಟರ್ ಹಾಕುತ್ತೀರಿ ಅಲ್ವಾ? ಅದೂ ಒಣ ಗಾಳಿಯೇ. ನನ್ನ ಮಾತು ಕೇಳಿದರೆ ಉಬ್ಬು ಬೆನ್ನು ತೆಗೆದುಕೊಳ್ಳಿ.

ಉಳಿ_ಸುತ್ತಿಗೆ:

ನಾನು ವಾದ್ಯ ಮಾಡುವ ಶಾಲೆಯಲ್ಲಿ ಕಲಿತು, ಈಗ ಬೇಸ್ ರಿಪೇರಿ ಅಂಗಡಿಯೊಂದರಲ್ಲಿ ಕೆಲಸ ಮಾಡುವವನು. ಮೇಡಂ, ನಿಮ್ಮ ಪ್ರಶ್ನೆ ಓದಿದ ಕೂಡಲೇ ನನಗೆ ಕೇಳಬೇಕು ಅನಿಸಿದ್ದು ಒಂದೇ. ಯಾವ ಗಾಸ್ಪಾರೋ?

ಹೇಳುತ್ತೇನೆ. ಗಾಸ್ಪಾರೋ ಬರ್ತೊಲೊತ್ತಿ ಹುಟ್ಟಿದ್ದು 1540ರ ಸುಮಾರಿಗೆ, ಗಾರ್ಡಾ ಸರೋವರದ ದಡದ ಸಾಲೋ ಊರಲ್ಲಿ. ಕೆಲಸ ಮಾಡಿದ್ದು ಬ್ರೆಶಾದಲ್ಲಿ, ತೀರಿಕೊಂಡದ್ದು 1609ರಲ್ಲಿ. ಆ ಕಾಲದಲ್ಲಿ ಈಗಿನ ನಾಲ್ಕು ತಂತಿಯ ಡಬಲ್ ಬೇಸ್ ಅನ್ನುವುದೇ ಹೀಗೆ ಅಂತ ನಿಂತಿರಲಿಲ್ಲ. ದೊಡ್ಡ ವಾದ್ಯ, ಒಂದೊಂದು ಊರಿಗೆ ಒಂದೊಂದು ಆಕಾರ, ತಂತಿಯ ಲೆಕ್ಕವೂ ಬೇರೆ ಬೇರೆ. ತಂತಿ ಅಂದರೆ ಪ್ರಾಣಿಯ ಕರುಳು, ಬರೀ ಕರುಳು. ಕರುಳಿನ ಮೇಲೆ ಲೋಹದ ತಂತಿ ಸುತ್ತುವ ಉಪಾಯ ಬಂದದ್ದು ಆಮೇಲೆ, 1660ರ ಸುಮಾರಿಗೆ, ಬೊಲೊನ್ಯಾ ಕಡೆ ಅನ್ನುತ್ತಾರೆ. ಅದಕ್ಕೆ ಮುಂಚೆ ಕೆಳಗಿನ ಸ್ವರ ಬೇಕು ಅಂದರೆ ಎರಡೇ ದಾರಿ. ತಂತಿ ಹಗ್ಗದಷ್ಟು ದಪ್ಪ ಮಾಡಬೇಕು, ಇಲ್ಲ ಉದ್ದ ಮಾಡಬೇಕು. ಅದಕ್ಕೇ ಹಳೆಯ ವಾದ್ಯಗಳು ಅಷ್ಟು ದೊಡ್ಡವು.

ಆಮೇಲೆ ಏನಾಯಿತು? ಸುತ್ತಿದ ತಂತಿ ಬಂತು, ಆರ್ಕೆಸ್ಟ್ರಾ ಬಂತು, ಬೇಸ್‌ನವರಿಗೂ ವೇಗದ ಕೆಲಸ ಬಂತು. ದೊಡ್ಡ ವಾದ್ಯ ಹಿಡಿದು ಅದನ್ನು ನುಡಿಸಲು ಆಗುತ್ತಿರಲಿಲ್ಲ. ಹಾಗಂತ ಒಳ್ಳೆಯ ಮರದ ಹಳೆಯ ವಾದ್ಯವನ್ನು ಎಸೆಯುತ್ತಾರಾ? ಕತ್ತರಿಸಿದರು. ಭುಜ ಕತ್ತರಿಸಿದರು, ಪಕ್ಕೆ ತಗ್ಗಿಸಿದರು, ಕೆಲವಕ್ಕೆ ನಡುವಿನಿಂದಲೇ ಒಂದು ಪಟ್ಟಿ ತೆಗೆದು ಅಗಲ ಕಡಿಮೆ ಮಾಡಿದರು. ಕುತ್ತಿಗೆ ಹೊಸದು ಹಾಕಿದರು. ಮರದ ಬಿರಡೆ ತೆಗೆದು ಹಲ್ಲುಚಕ್ರದ ಬಿರಡೆ ಕೂರಿಸಿದರು. ಮೂರು ತಂತಿ ಇದ್ದದ್ದಕ್ಕೆ ನಾಲ್ಕು ಮಾಡಿದರು.

ಹೋದ ವರ್ಷ ನಮ್ಮ ಅಂಗಡಿಗೆ ಹಳೆಯ ಇಟಲಿ ಬೇಸ್ ಒಂದು ಬಂದಿತ್ತು. ಹೊಟ್ಟೆಯ, ಅಂದರೆ ಮುಂಭಾಗದ, ಹಲಗೆ ಬಿಚ್ಚಿ, ಒಳಗೆ ದೀಪ ಹಿಡಿದು ನೋಡಿದೆ. ಭುಜದ ಹತ್ತಿರ ಪಕ್ಕೆಯಲ್ಲಿ ಒಂದು ಜೋಡಣೆ. ಜೋಡಣೆಯ ಈ ಕಡೆ ಮರ ಜೇನಿನ ಬಣ್ಣ, ಆ ಕಡೆ ಕಾಫಿ ಡಿಕಾಕ್ಷನ್ ಬಣ್ಣ. ಮೇಲೆ ಬಟ್ಟೆಯ ಪಟ್ಟಿ ಅಂಟಿಸಿದ್ದರು, ಆ ಬಟ್ಟೆಯ ನೂಲು ಇನ್ನೂ ಎಣಿಸುವ ಹಾಗಿತ್ತು. ಮೇಲಿನ ದಿಮ್ಮಿಯಲ್ಲಿ ಉಳಿಯ ಗುರುತು ಬಲಗೈಯವನದು, ಕೆಳಗಿನದರಲ್ಲಿ ಎಡಗೈಯವನದು. ಹೊರಗಿನಿಂದ ನೋಡಿದರೆ ಒಂದೇ ವಾದ್ಯ. ಒಳಗೆ ಎಷ್ಟು ಜನ!

ಹಾಗಾಗಿ ಗಾಸ್ಪಾರೋ ಮಾದರಿ ಅಂತ ನಿಮ್ಮ ಮುಂದೆ ಇಟ್ಟಿರುವ ನಕ್ಷೆ ಗಾಸ್ಪಾರೋ ಎಳೆದ ಗೆರೆಯೋ, ಅವನು ಹೋಗಿ ಎಷ್ಟೋ ಕಾಲ ಆದ ಮೇಲೆ ಯಾರೋ ರಿಪೇರಿಯವನು ಎಳೆದ ಗೆರೆಯೋ, ಅದನ್ನು ಮೊದಲು ಕೇಳಿ. ಎರಡನೆಯದಾದರೂ ತಪ್ಪಿಲ್ಲ. ನಿಜ ಹೇಳಬೇಕೆಂದರೆ ಇವತ್ತು ನುಡಿಸುವವರಿಗೆ ಎರಡನೆಯದೇ ಅನುಕೂಲ. ಆದರೆ ಗೊತ್ತಿದ್ದು ಆರಿಸಿ. ನಕಲು ಬೇರೆ, ಮಾದರಿ ಬೇರೆ. ನಕಲು ಅಂದರೆ ಗೀರು, ತೂತು, ಸವೆತ ಎಲ್ಲ ಇದ್ದ ಹಾಗೇ ಇಳಿಸುವುದು. ಮಾದರಿ ಅಂದರೆ ಅವನು ಯಾಕೆ ಹೀಗೆ ಮಾಡಿದ ಅಂತ ತಿಳಿದುಕೊಂಡು ನಮ್ಮ ಕೈಗೆ ಹೊಂದಿಸುವುದು.

ಮಂದ್ರ_ಸ್ಥಾಯಿ:

ಸರ್, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನಾನು ನಕ್ಷೆ ನೋಡಿ, ಇದು 400 ವರ್ಷದ ಹಿಂದಿನ ಗೆರೆ ಅಂದುಕೊಂಡು ಕಣ್ಣಲ್ಲಿ ನೀರು ತಂದುಕೊಂಡಿದ್ದೆ. ಕೇಳುತ್ತೇನೆ.

ಡ್ರಾಗೊನೆಟ್ಟಿಯ ಬೇಸ್ ಈಗ ಎಲ್ಲಿದೆ, ಗೊತ್ತಾ ಯಾರಿಗಾದರೂ?

ಪೋ_ದಂಡೆ:

ವೆನಿಸ್‌ನಲ್ಲೇ ಇದೆ, ಸಂತ ಮಾರ್ಕನ ಬಸಿಲಿಕಾದವರ ಬಳಿ. ಡ್ರಾಗೊನೆಟ್ಟಿ ಹುಟ್ಟಿದ್ದು 1763ರಲ್ಲಿ ಅದೇ ಊರಲ್ಲಿ. 1794ರಲ್ಲಿ ಲಂಡನ್‌ಗೆ ಹೋದವನು 1846ರಲ್ಲಿ ಸಾಯುವ ತನಕ ಹೆಚ್ಚು ಕಾಲ ಅಲ್ಲೇ ಇದ್ದ. ಆದರೂ ಉಯಿಲಿನಲ್ಲಿ ಬೇಸ್ ಮಾತ್ರ ತನ್ನೂರಿನ ಗುಡಿಗೆ ಬರೆದಿಟ್ಟ. ಅವನು ನುಡಿಸಿದ್ದು ಮೂರು ತಂತಿ.

ಕಿವಿಮಾತು:

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಈ ಹಳೆಯ ಹೆಸರುಗಳ ಮೋಹ ಅರ್ಥವಾಗುವುದಿಲ್ಲ. ಯಾಕೆ ಅಂತ ಒಂದು ಉದಾಹರಣೆ ಕೊಡುತ್ತೇನೆ.

ಅಮೆರಿಕದ ಬೇಸ್ ವಾದಕ ಗ್ಯಾರಿ ಕಾರ್ ಹೆಸರು ಬೇಸ್ ನುಡಿಸುವವರಿಗೆಲ್ಲ ಗೊತ್ತು. 1962ರಲ್ಲಿ ನ್ಯೂಯಾರ್ಕ್‌ನಲ್ಲಿ ಅವರ ಕಛೇರಿ ಕೇಳಿದ ಓಲ್ಗಾ ಕುಸೆವಿಟ್ಸ್ಕಿ, ತೀರಿಹೋದ ಗಂಡ ಸೆರ್ಗೆ ಕುಸೆವಿಟ್ಸ್ಕಿಯ ಬೇಸನ್ನು ಅವರಿಗೆ ಕೊಟ್ಟುಬಿಟ್ಟರು. ಅದು 1611ರಲ್ಲಿ ಕ್ರೆಮೋನಾದ ಅಮಾತಿ ಸಹೋದರರು ಮಾಡಿದ್ದು ಅಂತಲೇ ಎಲ್ಲರೂ ನಂಬಿದ್ದರು. ದಶಕಗಟ್ಟಲೆ ಆ ಬೇಸ್ ಅಮಾತಿ ಅನ್ನುವ ಹೆಸರಿನಲ್ಲೇ ಊರೂರು ಸುತ್ತಿತು. ಕೊನೆಗೆ ಹೊಟ್ಟೆಯ ಹಲಗೆಯ ವಾರ್ಷಿಕ ಉಂಗುರ (ಮರ ವರ್ಷಕ್ಕೊಂದರಂತೆ ಬೆಳೆಸುವ ಗೆರೆ) ಎಣಿಸಿ ನೋಡಿದರೆ, ಕಡೆಯ ಉಂಗುರ 1761ರದ್ದು. 1761ರಲ್ಲಿ ಇನ್ನೂ ಕಾಡಲ್ಲಿ ನಿಂತಿದ್ದ ಮರದಿಂದ 1611ರಲ್ಲಿ ವಾದ್ಯ ಮಾಡಲು ಆಗುತ್ತದಾ? ಇಟಲಿಯದ್ದೇ ಅಲ್ಲ, ಫ್ರಾನ್ಸಿನದು ಇರಬಹುದು ಅನ್ನುವ ಮಾತೂ ಬಂತು.

ಮಹಾ ಮಹಾ ಕಿವಿಗಳೇ ಅಮಾತಿ ಅಂದುಕೊಂಡು ಕೇಳಿದವು. ಹಾಗಾದರೆ ಹೆಸರಲ್ಲಿ ಏನು ಉಳಿಯಿತು? ಇನ್ನೊಂದು ಮಾತು. ಎಲ್ಲರೂ ಬಾಯಿ ತೆರೆದರೆ ಹೇಳುವ ಪಿಟೀಲು ತಯಾರಕ ಸ್ಟ್ರಾಡಿವಾರಿ ಮಾಡಿದ ಡಬಲ್ ಬೇಸ್ ಇವತ್ತಿಗೆ ಒಂದೂ ಉಳಿದಿಲ್ಲ. ನಿಮ್ಮ ಮೈಗೆ ಸರಿಯಾಗಿ, ಯಾವ ಹಳೆಯ ಹಂಗೂ ಇಲ್ಲದೆ, ಹೊಸದಾಗಿ ಗೆರೆ ಎಳೆದು ಮಾಡಿಸಿಕೊಳ್ಳಿ ಅಂತ ನನ್ನ ಸಲಹೆ.

ಉಳಿ_ಸುತ್ತಿಗೆ:

ಕಿವಿಮಾತು ಅವರೇ, ಉಂಗುರದ ಕಥೆ ನೀವು ಹೇಳಿದ್ದು ಸರಿ. ಆದರೆ ಅದರಿಂದ ನೀವು ತೆಗೆದ ಅರ್ಥ ನನಗೆ ಒಪ್ಪಿಗೆ ಇಲ್ಲ. ಆ ಬೇಸ್ ಅಮಾತಿ ಅಲ್ಲ ಅಂತ ಗೊತ್ತಾದ ದಿನ ಅದರ ದನಿ ಕೆಟ್ಟಿತಾ? ಇಲ್ಲ. ಅದು ಅಷ್ಟೇ ಚೆನ್ನಾಗಿ ನುಡಿಯುತ್ತದೆ. ಕಾರ್ ಅದನ್ನು ಬೇಸ್ ವಾದಕರ ಅಂತರರಾಷ್ಟ್ರೀಯ ಸಂಘಕ್ಕೆ ಕೊಟ್ಟಿದ್ದಾರೆ. ಅಂದರೆ ಬೆಲೆ ಇರುವುದು ತಯಾರಕನ ಹೆಸರಿನ ಚೀಟಿಗೆ ಅಲ್ಲ, ಆ ಮರದ ಡಬ್ಬಿಯ ಒಳಗಿನ ಲೆಕ್ಕಕ್ಕೆ. ಆ ಲೆಕ್ಕವನ್ನೇ ನಾವು ಮಾದರಿ ಅನ್ನುವುದು.

ಹೊಸದಾಗಿ ಗೆರೆ ಎಳೆಯಿರಿ ಅಂತ ಹೇಳುವುದು ಸುಲಭ. ಬೇಸ್‌ನ ಕೆಳಗಿನ ಇ (E) ತಂತಿಯ ಸ್ವರ ಸುಮಾರು 41 ಹರ್ಟ್ಸ್. ಗಾಳಿಯಲ್ಲಿ ಆ ಅಲೆಯ ಉದ್ದ 8 ಮೀಟರ್‌ಗಿಂತ ಜಾಸ್ತಿ. ಅಷ್ಟು ದೊಡ್ಡ ಅಲೆಯನ್ನು ಆಳೆತ್ತರದ ಒಂದು ಡಬ್ಬಿಯಿಂದ ಹೊರಡಿಸಬೇಕು. ಪೂರ್ತಿಯಾಗಿ ಆಗುವುದೇ ಇಲ್ಲ. ಮೂಲ ಸ್ವರ ಕ್ಷೀಣವಾಗೇ ಬರುತ್ತದೆ, ಅದರ ಮೇಲಿನ ಸ್ವರಗಳನ್ನು ಕೇಳಿ ನಮ್ಮ ಕಿವಿ ಕೆಳಗಿನದನ್ನು ತುಂಬಿಕೊಳ್ಳುತ್ತದೆ. ಡಬ್ಬಿ ಎಲ್ಲಿ ಉಬ್ಬಬೇಕು, ಹಲಗೆ ಎಲ್ಲಿ ದಪ್ಪ ಎಲ್ಲಿ ತೆಳು, ರಂಧ್ರ ಎಷ್ಟು ಉದ್ದ, ಇವನ್ನೆಲ್ಲ ತಲೆಮಾರುಗಟ್ಟಲೆ ಜನ ತಪ್ಪು ಮಾಡಿ ಮಾಡಿ ಕಲಿತಿದ್ದಾರೆ. ಕಲಿತವರಲ್ಲಿ ತುಂಬಾ ಜನ ಇಟಲಿಯವರು. ಅದನ್ನು ಬಿಟ್ಟು ಮೊದಲಿನಿಂದ ಶುರು ಮಾಡುವ ಧೈರ್ಯ ನನಗಿಲ್ಲ, ಬೇರೆಯವರ ದುಡ್ಡಿನಲ್ಲಂತೂ ಇಲ್ಲವೇ ಇಲ್ಲ.

ಕಿವಿಮಾತು:

ಈ ಮಾತು ಒಪ್ಪಿದೆ. ಚೀಟಿ ಬೇಡ, ಲೆಕ್ಕ ಬೇಕು. ಅಷ್ಟಕ್ಕೆ ನಾನೂ ಸೈ.

ಬೀಟೆ_ಮರ:

ನನಗೆ ಬೇಸ್ ನುಡಿಸಲು ಬರುವುದಿಲ್ಲ. ಮೈಸೂರಿನವನು, ಮರದ ವ್ಯಾಪಾರದ ಮನೆ. ವೀಣೆ ಮಾಡುವವರು ನಮ್ಮ ಹತ್ತಿರ ಹಲಸಿನ ಮರ ಕೊಳ್ಳಲು ಬರುತ್ತಿದ್ದರು. ಅವರು ಹಲಗೆಯನ್ನು ಕಿವಿ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ಬಡಿದು ನೋಡುವುದನ್ನು ಚಿಕ್ಕಂದಿನಲ್ಲಿ ನೋಡಿದ್ದೇನೆ. ಇಟಲಿ ಬೇಸ್‌ಗೆ ಯಾವ ಮರ? ಅಷ್ಟು ಅಗಲದ ಹಲಗೆ ಒಂದೇ ಮರದಲ್ಲಿ ಸಿಗುತ್ತದಾ?

ಮಾತಿಗೆ ಮಾತು ಬಂತು, ಹೇಳಿಬಿಡುತ್ತೇನೆ. ನಮ್ಮ ಮೈಸೂರು ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡದ್ದು ಯಾಕೆ? ದೊಡ್ಡ ಸಭೆಯಲ್ಲಿ ಹಿಂದೆ ಕೂತವರಿಗೂ ಕೇಳಲಿ ಅಂತ. ವಾದ್ಯ ನುಡಿಸುವವನ ಅವಶ್ಯಕತೆಗೆ ಬಗ್ಗಬೇಕು. ಉಳಿ ಸುತ್ತಿಗೆಯವರು ಹೇಳಿದ ಕತ್ತರಿಸಿದ ಭುಜದ ಕಥೆ ಓದುವಾಗ ನನಗೆ ಅದೇ ನೆನಪಾಯಿತು.

ಪೋ_ದಂಡೆ:

ಮರದ ವಿಷಯ ನಾನು ಹೇಳುತ್ತೇನೆ. ನಾನಿರುವುದು ಕ್ರೆಮೋನಾ ಹತ್ತಿರ. ವಾದ್ಯ ಮಾಡುವವಳಲ್ಲ, ಆದರೆ ಈ ಊರಲ್ಲಿ ಇದ್ದು ಮರದ ಪುಡಿ ಮೈಗೆ ತಾಗದೆ ಇರಲು ಆಗುವುದಿಲ್ಲ. ಇಲ್ಲಿ 1938ರಿಂದ ಪಿಟೀಲು ಮಾಡುವುದನ್ನು ಕಲಿಸುವ ಶಾಲೆ ಇದೆ. 2012ರಲ್ಲಿ ಇಲ್ಲಿನ ಪಿಟೀಲು ಕಸುಬನ್ನು ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿತು.

ಹೊಟ್ಟೆಗೆ ಸ್ಪ್ರೂಸ್. ಬೆನ್ನು, ಪಕ್ಕೆ, ಕುತ್ತಿಗೆಗೆ ಸಾಮಾನ್ಯವಾಗಿ ಮೇಪಲ್, ಅದು ಜಾಸ್ತಿ ಬರುವುದು ಬಾಲ್ಕನ್ ಕಡೆಯಿಂದ. ಆದರೆ ಹಳೆಯ ಇಟಲಿ ಬೇಸ್‌ಗಳಲ್ಲಿ ಪಾಪ್ಲರ್, ವಿಲ್ಲೋ, ವಾಲ್‌ನಟ್ ಬೆನ್ನುಗಳೂ ಇವೆ. ಅಷ್ಟು ದೊಡ್ಡ ಹಲಗೆಗೆ ದುಬಾರಿ ಮೇಪಲ್ ಹಾಕಲು ಎಲ್ಲರಿಗೂ ಆಗುತ್ತಿರಲಿಲ್ಲ, ಹೊಲದ ಬದುವಿನಲ್ಲಿ ಬೆಳೆದ ಪಾಪ್ಲರ್ ಕೈಗೆ ಸಿಗುತ್ತಿತ್ತು. ಅದರ ದನಿ ಸ್ವಲ್ಪ ಮೆತ್ತಗೆ, ಬೆಚ್ಚಗೆ ಅನ್ನುತ್ತಾರೆ ನುಡಿಸುವವರು.

ಬೀಟೆ ಮರ ಅವರೇ, ಒಂದೇ ಹಲಗೆ ಸಿಗುವುದು ಅಪರೂಪ. ದಿಮ್ಮಿಯನ್ನು ನಡುವಿನಿಂದ ಹೊರಕ್ಕೆ, ಕೇಕ್ ತುಂಡಿನ ಹಾಗೆ ಸೀಳಿ, ಎರಡು ಅರ್ಧಗಳನ್ನು ಪುಸ್ತಕ ತೆರೆದಂತೆ ಜೋಡಿಸುತ್ತಾರೆ. ಆದರೂ ಕೆಳಗಿನ ಅಗಲಕ್ಕೆ ಸಾಲದಿದ್ದರೆ ಪಕ್ಕದಲ್ಲಿ ತುಂಡು ಸೇರಿಸುತ್ತಾರೆ, ರೆಕ್ಕೆ ಅಂತಾರಲ್ಲ ಹಾಗೆ. ಹಳಬರೂ ಸೇರಿಸಿದ್ದಾರೆ. ಅದು ದೋಷ ಅಲ್ಲ.

ಸ್ಪ್ರೂಸ್‌ಗೆ ಹೆಸರಾದ ಕಾಡು ಟ್ರೆಂಟೀನೊದ ಪನೆವೆಜ್ಜೊ, ಫಿಯೆಮ್ಮೆ ಕಣಿವೆಯ ಮೇಲ್ಭಾಗ. ಎತ್ತರದ ಜಾಗ, ಚಳಿ ಜಾಸ್ತಿ, ಮರ ನಿಧಾನ ಬೆಳೆಯುತ್ತದೆ. ಉಂಗುರಗಳು ಒಂದಕ್ಕೊಂದು ಹತ್ತಿರ, ಸಮವಾಗಿ. ನಾನು ಅಲ್ಲಿಗೆ ಹೋದಾಗ ಒಂದು ಗುಡ್ಡ ಪೂರ್ತಿ ಬೋಳು. 2018ರ ಅಕ್ಟೋಬರ್ ಕೊನೆಯಲ್ಲಿ ವಾಯಾ ಅನ್ನುವ ಬಿರುಗಾಳಿ ಬಂದು ಈಶಾನ್ಯ ಇಟಲಿಯಲ್ಲಿ ಲಕ್ಷ ಲಕ್ಷ ಮರ ಮಲಗಿಸಿಬಿಟ್ಟಿತ್ತು. ಬೇರು ಸಮೇತ ಎದ್ದ ಬುಡಗಳು ಮನುಷ್ಯನಿಗಿಂತ ಎತ್ತರ ನಿಂತಿದ್ದವು. ಸುಮಾರು ಹೊತ್ತು ಮಾತೇ ಬರಲಿಲ್ಲ.

ಕಡಿಯುವುದಕ್ಕೂ ಕಾಲ ಇದೆ. ಶರತ್ಕಾಲ ಕಳೆಯುವಾಗ, ಚಂದ್ರ ಕ್ಷೀಣಿಸುವ ದಿನಗಳಲ್ಲಿ ಕಡಿಯಬೇಕು ಅಂತ ಅಲ್ಲಿನ ಹಳಬರ ನಂಬಿಕೆ.

ಬೀಟೆ_ಮರ:

ಅಯ್ಯೋ, ನಮ್ಮಲ್ಲೂ ಹಾಗೇ! ಬಿದಿರು ಕಡಿಯುವುದಾದರೆ ಅಮಾವಾಸ್ಯೆ ಹತ್ತಿರ ಕಡಿ, ಹುಳ ಹಿಡಿಯುವುದಿಲ್ಲ ಅಂತ ನಮ್ಮ ಅಜ್ಜ ಹೇಳುತ್ತಿದ್ದರು.

ಇನ್ನೊಂದು ಕೇಳಬೇಕು. ಬೆರಳು ಒತ್ತುವ ಆ ಕಪ್ಪು ಹಲಗೆ ಕರಿಮರ ತಾನೇ? ಮೇಡಂ ಎಂದಾದರೂ ಬೇಸ್ ತೆಗೆದುಕೊಂಡು ಊರಿಗೆ ಬಂದರೆ ಕಾಗದಪತ್ರದ ತೊಂದರೆ ಇದೆಯಾ? ನಮ್ಮ ಬೀಟೆಗೆ 2017ರ ಜನವರಿಯಿಂದ ಅಂತರರಾಷ್ಟ್ರೀಯ ನಿಯಮ ಬಿಗಿ ಮಾಡಿದ್ದರು, ಆ ಜಾತಿಯ ಮರಗಳಿಗೆಲ್ಲ ಒಟ್ಟಿಗೆ. 2019ರ ಕೊನೆಗೆ ಮಾಡಿ ಮುಗಿಸಿದ ಸಂಗೀತ ವಾದ್ಯಗಳಿಗೆ ವಿನಾಯಿತಿ ಕೊಟ್ಟರು. ಆ ಎರಡು ಮೂರು ವರ್ಷ ನಮ್ಮ ಕಡೆಯವರು ಪಟ್ಟ ಪಾಡು ನನಗೆ ಗೊತ್ತು.

ಉಳಿ_ಸುತ್ತಿಗೆ:

ಹೌದು, ಕರಿಮರದ ಬಳಗವೇ, ಆದರೆ ಇಲ್ಲಿ ಜಾಸ್ತಿ ಬಳಸುವುದು ಆಫ್ರಿಕಾದ್ದು. ಮಡಗಾಸ್ಕರ್‌ನದಕ್ಕೆ ಬೇರೆ ನಿಯಮ ಇದೆ. ಕಮಾನು ಪೆರ್ನಂಬುಕೊ ಮರದ್ದಾದರೆ ಅದಕ್ಕೂ ಇದೆ. ಮೇಡಂ, ರಸೀದಿಯಲ್ಲಿ ಯಾವ ಯಾವ ಮರ ಅಂತ ಹೆಸರು ಸಮೇತ ಬರೆಸಿಕೊಳ್ಳಿ. ಮುಂದೆ ಯಾವತ್ತಾದರೂ ಬೇಕಾಗುತ್ತದೆ.

ನಾಲ್ಕನೇ_ತಂತಿ:

ಟೆಸ್ಟೋರೆ ಬಗ್ಗೆ ಯಾರೂ ಮಾತಾಡುತ್ತಿಲ್ಲ, ಪಾಪ. ಅಕ್ಕನಿಗೆ ಡ್ರಾಗೊನೆಟ್ಟಿ ಇದ್ದ ಹಾಗೆ ನನಗೆ ಬೊತ್ತೆಸಿನಿ.

1821ರಲ್ಲಿ ಕ್ರೆಮಾದಲ್ಲಿ ಹುಟ್ಟಿದವನು. ಮನೆಯಲ್ಲಿ ದುಡ್ಡಿಲ್ಲ. 1835ರಲ್ಲಿ ಮಿಲಾನ್ ಸಂಗೀತ ಶಾಲೆಯಲ್ಲಿ ವಿದ್ಯಾರ್ಥಿವೇತನ ಉಳಿದಿದ್ದದ್ದು ಎರಡಕ್ಕೇ, ಬಸೂನ್ ಮತ್ತು ಡಬಲ್ ಬೇಸ್. ಹುಡುಗ ಅಲ್ಲಿಯ ತನಕ ಪಿಟೀಲು ಕಲಿತವನು. ಕೆಲವೇ ವಾರದಲ್ಲಿ ಬೇಸ್ ಅಭ್ಯಾಸ ಮಾಡಿ ಪರೀಕ್ಷೆಗೆ ನಿಂತ, ಸೀಟು ಸಿಕ್ಕಿತು. ಆಮೇಲೆ ಅವನು ಕೊಂಡ ಬೇಸ್ 1716ರ ಟೆಸ್ಟೋರೆ. ಬೊಂಬೆಯಾಟದ ಮನೆಯೊಂದರಲ್ಲಿ ಕಸದ ಅಡಿ ಬಿದ್ದಿತ್ತು ಅಂತ ಕಥೆ ಹೇಳುತ್ತಾರೆ. ಅದೇ ಬೇಸ್ ಹಿಡಿದು ಯೂರೋಪು ಅಮೆರಿಕ ಎಲ್ಲ ತಿರುಗಿದ. 1871ರ ಡಿಸೆಂಬರ್‌ನಲ್ಲಿ ಕೈರೋದಲ್ಲಿ ವೆರ್ದಿಯ ಐದಾ ಒಪೆರಾ ಮೊದಲ ಸಲ ಆಡಿದಾಗ ಆರ್ಕೆಸ್ಟ್ರಾ ನಡೆಸಿದ್ದೂ ಅವನೇ.

ಬೇಸ್ ಹಾಡಬಲ್ಲದು ಅಂತ ಜನಕ್ಕೆ ತೋರಿಸಿದ್ದು ಆ ವಾದ್ಯ. ಚಿಕ್ಕ ಕೈಗೆ ಅದು ಕಡಿಮೆ ಆಯ್ಕೆ ಅಂತ ದಯವಿಟ್ಟು ಅಂದುಕೊಳ್ಳಬೇಡಿ.

ಉಳಿ_ಸುತ್ತಿಗೆ:

ನಾಲ್ಕನೇ ತಂತಿಯವರು ಸರಿಯಾದ ಸಮಯಕ್ಕೆ ಹೇಳಿದರು. ಈಗ ಕೈ ಅಳತೆಗೆ ಬರೋಣ.

ತಂತಿಯ ನುಡಿಯುವ ಉದ್ದ ಎಷ್ಟು ಇಡುತ್ತಾರೆ ಅಂತ ಕೇಳಿದ್ದೀರಾ? 105 ಸೆಂಟಿಮೀಟರ್ ಇದ್ದರೆ, ಕೆಳಗಿನ ತಂತಿಯಲ್ಲಿ ಮೊದಲ ಅರ್ಧಸ್ವರದಿಂದ ಮೂರನೇ ಅರ್ಧಸ್ವರಕ್ಕೆ, ಅಂದರೆ ತೋರುಬೆರಳಿನಿಂದ ಕಿರುಬೆರಳಿಗೆ, ಸುಮಾರು 10.8 ಸೆಂಟಿಮೀಟರ್ ಚಾಚಬೇಕು. 110 ಇದ್ದರೆ 11.3. ಐದು ಮಿಲಿಮೀಟರ್ ಏನು ಮಹಾ ಅನಿಸಬಹುದು. ಎರಡು ಗಂಟೆ ರಿಹರ್ಸಲ್ ಮಾಡಿ ಮನೆಗೆ ಹೋಗುವಾಗ ಕಿರುಬೆರಳಿನ ಬುಡ ಹೇಳುತ್ತದೆ. ನಿಮ್ಮ ಕೈಗೆ 104 ದಾಟಬೇಡಿ.

ಆಮೇಲೆ ಭುಜ. ಮೇಲಿನ ಸ್ವರಗಳಿಗೆ ಹೋಗುವಾಗ ಎಡಗೈ ವಾದ್ಯದ ಭುಜ ದಾಟಿ ಮುಂದೆ ಬಾಗಬೇಕು. ಅಗಲ ಭುಜ ಇದ್ದರೆ ನಿಮ್ಮ ಎತ್ತರಕ್ಕೆ ಬೆನ್ನೇ ಬಗ್ಗುತ್ತದೆ. ವಾದ್ಯ ನಿಮ್ಮ ಹತ್ತಿರ 30 ವರ್ಷ ಇರುತ್ತದೆ, ಬೆನ್ನುಮೂಳೆಯೂ ಅಷ್ಟೇ ವರ್ಷ ಇರಬೇಕಲ್ಲ.

ಚಪ್ಪಟೆ ಬೆನ್ನು ಯಾಕೆ ಸೀಳುತ್ತದೆ ಅಂತಲೂ ಹೇಳಿಬಿಡುತ್ತೇನೆ. ಮರ ತೇವಕ್ಕೆ ಹಿಗ್ಗುವುದು ಅಡ್ಡಕ್ಕೆ, ಉದ್ದಕ್ಕೆ ಅಲ್ಲ. ಚಪ್ಪಟೆ ಹಲಗೆಗೆ ಒಳಗಿನಿಂದ ಅಡ್ಡಪಟ್ಟಿ ಅಂಟಿಸಿರುತ್ತಾರೆ. ಹಲಗೆ ಹಿಗ್ಗಬೇಕು ಅನ್ನುತ್ತದೆ, ಪಟ್ಟಿ ಬಿಡುವುದಿಲ್ಲ. ಒಣಗಿದಾಗ ಹಲಗೆ ಕುಗ್ಗಬೇಕು ಅನ್ನುತ್ತದೆ, ಆಗಲೂ ಪಟ್ಟಿ ಬಿಡುವುದಿಲ್ಲ. ಕೊನೆಗೆ ಎರಡರಲ್ಲಿ ಒಂದು ಸೋಲುತ್ತದೆ. ಉಬ್ಬು ಬೆನ್ನಿಗೆ ಅಡ್ಡಪಟ್ಟಿ ಬೇಡ, ಉಬ್ಬು ಸ್ವಲ್ಪ ಏರಿ ಇಳಿದು ಸುಧಾರಿಸಿಕೊಳ್ಳುತ್ತದೆ. ಹಾಗಂತ ಚಪ್ಪಟೆ ಬೆನ್ನನ್ನು ನಾನು ತೆಗಳುವುದಿಲ್ಲ. ಕಮಾನು ತಾಗಿದ ಕೂಡಲೇ ದನಿ ಚಿಮ್ಮುತ್ತದೆ, ಕೆಲವರಿಗೆ ಅದೇ ಬೇಕು. ಅಂಥ ಬೇಸ್ ಮನೆಯಲ್ಲಿ ತೇವ ನೋಡಿಕೊಳ್ಳುವವರಿಗೆ.

ಅಂಟಿನ ಬಗ್ಗೆಯೂ ಕೇಳಿ. ನಮ್ಮ ಹಳೆಯ ಬಡಗಿಗಳು ಮರವಜ್ರ ಅನ್ನುತ್ತಿದ್ದರಲ್ಲ, ಚರ್ಮ ಕುದಿಸಿ ಮಾಡುವ ಅಂಟು, ಅದೇ ಬೇಕು. ಬಿಸಿ ನೀರು, ತೆಳು ಚಾಕು ಇದ್ದರೆ ನಾಳೆ ಬಿಚ್ಚಬಹುದು. ಬಿಚ್ಚಲು ಬಾರದ ಅಂಟು ಹಾಕಿದ ಬೇಸನ್ನು ರಿಪೇರಿ ಮಾಡುವಾಗ ನನಗೆ ನಿಜವಾಗಿ ಸಂಕಟ ಆಗುತ್ತದೆ.

ಮಂದ್ರ_ಸ್ಥಾಯಿ:

ಎರಡು ವಾರ ಬರೆಯಲಿಲ್ಲ, ಕ್ಷಮಿಸಿ. ಕಾರ್ಯಾಗಾರಕ್ಕೆ ಹೋಗಿ ಬಂದೆ.

ಉಳಿ ಸುತ್ತಿಗೆ ಸರ್, ನೀವು ಹೇಳಿದ ಮೊದಲ ಪ್ರಶ್ನೆಯನ್ನೇ ಕೇಳಿದೆ. ಅವರು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಮುಖ ಅರಳಿಸಿ ಎರಡನೇ ಕಾಗದ ತೆಗೆದರು. ಗಾಸ್ಪಾರೋ ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಇನ್ನೊಂದು ಗೆರೆ ಇತ್ತು, ಭುಜದ ಹತ್ತಿರ ನಾಲ್ಕು ಬೆರಳು ಮೇಲೆ. ಮೂಲ ಆಕಾರ ಅಲ್ಲಿತ್ತು ಅಂತ ಅವರ ಅಂದಾಜು. ನಾನು ಮೋಹಪಟ್ಟ ಗೆರೆ ಕತ್ತರಿಸಿದ ಮೇಲಿನದು. ಬೇಜಾರಾಗಲಿಲ್ಲ. ಅದನ್ನು ಕತ್ತರಿಸಿದವನಿಗೂ ನನ್ನಂತೆ ಕೈ ಎಟುಕದ ಗಿರಾಕಿ ಯಾರಾದರೂ ಇದ್ದಿರಬೇಕು ಅಂತ ಅನಿಸಿತು.

ಆಮೇಲೆ ಅವರು ಎರಡೂ ಮಾದರಿಯ ಮೇಲ್ಭಾಗವನ್ನು ದಪ್ಪ ರಟ್ಟಿನಲ್ಲಿ ಕತ್ತರಿಸಿ, ಕೋಲಿಗೆ ಕಟ್ಟಿ, ನನ್ನ ಮುಂದೆ ನಿಲ್ಲಿಸಿದರು. ಕಣ್ಣು ಮುಚ್ಚಿ ನುಡಿಸುವ ಹಾಗೆ ಕೈ ಆಡಿಸಿ ಅಂದರು. ಗಾಸ್ಪಾರೋದಲ್ಲಿ ಮೇಲಕ್ಕೆ ಹೋದಾಗ ಮೊಣಕೈ ರಟ್ಟಿಗೆ ಬಡಿಯಿತು. ಮೂರು ಸಲ ಪ್ರಯತ್ನಪಟ್ಟೆ, ಮೂರು ಸಲವೂ ಬಡಿಯಿತು. ಟೆಸ್ಟೋರೆಯಲ್ಲಿ ಕೈ ಸಲೀಸಾಗಿ ಇಳಿದುಹೋಯಿತು. ಅಲ್ಲೇ ತೀರ್ಮಾನ ಆಯಿತು. ಟೆಸ್ಟೋರೆ, ಉಬ್ಬು ಬೆನ್ನು, ತಂತಿ 103.5.

ಒಂದು ಸಂದೇಹ ಉಳಿದಿದೆ. ಟೆಸ್ಟೋರೆ ಮನೆಯವರು ಎಷ್ಟೋ ವಾದ್ಯಗಳಲ್ಲಿ ಬೆನ್ನಿನ ಅಂಚಿನ ಪಟ್ಟಿಯನ್ನು ಮರ ಕೂರಿಸಿ ಮಾಡದೆ ಸುಮ್ನೆ ಗೀರಿ ಬಿಡುತ್ತಿದ್ದರಂತೆ. ಕುತ್ತಿಗೆ ತುದಿಯ ಸುರುಳಿಯ ಹಿಂಭಾಗವನ್ನೂ ಪೂರ್ತಿ ಕೊರೆಯುತ್ತಿರಲಿಲ್ಲವಂತೆ. ನನ್ನದರಲ್ಲೂ ಹಾಗೇ ಇಡಲಾ ಅಂತ ಕೇಳಿದ್ದಾರೆ.

ಉಳಿ_ಸುತ್ತಿಗೆ:

ಸುರುಳಿಯ ಹಿಂಭಾಗ ಹಾಗೇ ಇರಲಿ. ಅದು ಅವರ ಕೈಗುರುತು, ಚೆಂದ ಕಾಣುತ್ತದೆ, ಯಾರಿಗೂ ತೊಂದರೆ ಇಲ್ಲ.

ಅಂಚಿನ ಪಟ್ಟಿ ಮಾತ್ರ ನಿಜವಾದದ್ದೇ ಕೂರಿಸಲಿ. ಅದು ಬರೀ ಅಲಂಕಾರ ಅಲ್ಲ. ಬೇಸ್ ಅಂದರೆ ಬಾಗಿಲಿಗೆ, ಕಾರಿಗೆ, ಮೆಟ್ಟಿಲಿಗೆ ತಾಗುವ ವಾದ್ಯ. ಅಂಚಿನಲ್ಲಿ ಶುರುವಾದ ಸೀಳು ಆ ಪಟ್ಟಿಯ ಹತ್ತಿರ ಬಂದು ನಿಲ್ಲುತ್ತದೆ. ಟೆಸ್ಟೋರೆ ಗೀರಿದ್ದು ಗಿರಾಕಿಯ ದುಡ್ಡು ಕಡಿಮೆ ಇತ್ತು ಅಂತ ಇರಬೇಕು. ನೀವು ದುಡ್ಡು ಕೊಡುತ್ತಿದ್ದೀರಿ.

ನಾಲ್ಕನೇ_ತಂತಿ:

103.5! ಅಕ್ಕಾ, ನೀವು ಇನ್ನು ಬೊತ್ತೆಸಿನಿ ಕಲಿಯಲೇಬೇಕು.

ಬೀಟೆ_ಮರ:

ಮರ ನೋಡಿದಿರಾ? ಬಡಿದು ನೋಡಿದಿರಾ?

ಮಂದ್ರ_ಸ್ಥಾಯಿ:

ನೋಡಿದೆ. ಅಂಚಿಗೆ ನಿಜವಾದ ಪಟ್ಟಿಯೇ ಹಾಕಲು ಹೇಳಿಬಿಟ್ಟೆ.

ಸ್ಪ್ರೂಸ್ ಹಲಗೆ ಗೋಡೆಗೆ ಒರಗಿಸಿ ಇಟ್ಟಿದ್ದರು, ಹಿಂಬದಿಯಲ್ಲಿ ಸೀಮೆಸುಣ್ಣದಲ್ಲಿ 2006 ಅಂತ ಬರೆದಿತ್ತು. ಕಡಿದ ವರ್ಷ. ಅಲ್ಲಿಂದ ಇಲ್ಲಿಯ ತನಕ ಅದು ಸುಮ್ಮನೆ ಒಣಗುತ್ತಾ ನಿಂತಿದೆ. ಒಂದು ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಎತ್ತಲು ಹೇಳಿ, ಇನ್ನೊಂದು ಕೈಯ ಗಿಣ್ಣಿನಿಂದ ಬಡಿಯಲು ಹೇಳಿದರು. ಹಲಗೆ ಸದ್ದು ಮಾಡುತ್ತದೆ ಅಂದುಕೊಂಡಿದ್ದೆ. ಅದು ಗಂಟೆಯ ಹಾಗೆ ಎಳೆದುಕೊಂಡು ಹೋಯಿತು. ನಾನು ಕೈ ಬಿಡುವುದನ್ನೇ ಮರೆತೆ.

ಸೋಮವಾರ ಎರಡು ಅರ್ಧಗಳನ್ನು ಜೋಡಿಸುತ್ತಾರಂತೆ. ರಜೆ ಹಾಕಿದ್ದೇನೆ. ಅಂಟು ಕಾಯಿಸುವುದು ನಿಮ್ಮ ಕೆಲಸ ಅಂದಿದ್ದಾರೆ.